ಡಾಕ್ಟರ್ ಸಾಲಿಯ ಹೊಸ್ತಿಲು

ಹೊಸಪೇಟೆಯ ಕಾಲುವೆ ದಾಟಿ ಹಂಪಿಯ ದಾರಿ ಹಿಡಿದರೆ, ಎಡಗಡೆ ಹುಣಸೆ ಮರಗಳ ನಡುವೆ ಒಂದು ಕಲ್ಲಿನ ಕಟ್ಟಡ ಕಾಣುತ್ತದೆ. ಅದರ ಗೋಡೆಗೆ ಕೂರಿಸಿದ ಫಲಕದ ಪ್ರಕಾರ ಅದರ ಚರಿತ್ರೆ ಮೂರೇ ಸಾಲು. ಕಂಪ್ಲಿಯ ಅಕ್ಕಿ ವ್ಯಾಪಾರಿ ಮರಿಸ್ವಾಮಿಯವರು ಹಂಪಿಗೆ ಹೋಗುವ ಯಾತ್ರಿಕರಿಗಾಗಿ ಛತ್ರ ಕಟ್ಟಿಸಿದರು. ೧೯೨೮ರಲ್ಲಿ ಅದು ವೈದ್ಯಕೀಯ ಶಾಲೆಯಾಯಿತು. ೧೯೩೦ರಲ್ಲಿ ಹೆಂಗಸರ ತರಗತಿ ಸೇರಿತು. ಅಷ್ಟೇ, ಮುಗಿಯಿತು. ಫಲಕ ಬರೆಸುವವರು ಯಾವಾಗಲೂ ಗಂಡಸರು, ಅದರಲ್ಲೂ ಅವಸರದ ಗಂಡಸರು. ಆ ಮೂರನೆಯ ಸಾಲು ಇನ್ನೇನು ಇಲ್ಲವಾಗುವುದರಲ್ಲಿತ್ತು. ಅದಕ್ಕೆ ಕುತ್ತು ತಂದವಳೂ ಅದನ್ನು ಉಳಿಸಿದವಳೂ ಒಬ್ಬಳೇ, ಸೂಲಗಿತ್ತಿ ಹೊಳೆಮ್ಮ, ಎಂಬ ಮಾತು ಅಲ್ಲೆಲ್ಲೂ ಇಲ್ಲ.

ಹೊಳೆಮ್ಮನ ವಿಷಯ ಹೇಳುವುದಾದರೆ ಅವಳ ಕೈಯಿಂದಲೇ ಶುರು ಮಾಡಬೇಕು. ಅಗಲ ಅಂಗೈ, ಗಿಡ್ಡ ಬೆರಳು, ಮೊಣಕೈತನಕ ಹಚ್ಚೆ. ನಲವತ್ತು ವರ್ಷದಲ್ಲಿ ಅರ್ಧ ಊರು ಆ ಕೈಗೇ ಹುಟ್ಟಿ ಬಿದ್ದಿತ್ತು. ಬೀದಿಯಲ್ಲಿ ಮೀಸೆ ತಿರುವಿಕೊಂಡು ಹೋಗುವ ಗೌಡರನ್ನೂ ಅವಳು "ಏ, ಕಾಲು ಮುಂದಾಗಿ ಬಂದವನ, ಆರಾಮೇನು?" ಎಂದು ಕೂಗಿ ಮಾತಾಡಿಸುವಳು. ಗೌಡರು ಮೀಸೆ ಬಿಟ್ಟು ತಲೆ ತಗ್ಗಿಸಿಕೊಂಡು ಆರಾಮ ಎನ್ನುತ್ತಿದ್ದರು. ಇಂಥ ಹೆಂಗಸಿನ ಮಾತಿಗೆ ಊರಿನಲ್ಲಿ ಎಷ್ಟು ಬೆಲೆ ಇದ್ದೀತೆಂದು ನೀವೇ ಊಹಿಸಿಕೊಳ್ಳಿ.

ಮದ್ರಾಸಿನಲ್ಲಿ ಓದಿ ಬಂದ ವ್ಯಾಸರಾಜ ಡಾಕ್ಟರು ಹಳೆಯ ಛತ್ರದಲ್ಲಿ ಶಾಲೆ ತೆರೆದ ದಿನ ಹೊಳೆಮ್ಮ ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದಳು. ನಿಲ್ಲದೆ ಏನು, ಡಾಕ್ಟರೂ ಅವಳ ಕೈಗೆ ಹುಟ್ಟಿದವರೇ. ಅವರ ತಾಯಿ ಗೋದಾಬಾಯಿ ಎರಡು ದಿನ ನೋವು ತಿಂದಿದ್ದು ಅವಳಿಗಿನ್ನೂ ನೆನಪಿತ್ತು. ಅಂಥ ವ್ಯಾಸರಾಜ ಪಡಸಾಲೆಯಲ್ಲಿ ನಿಂತು, ಕಂಪೌಂಡರ್ ಆಗಲು ಬಂದ ಹುಡುಗರಿಗೂ ಊರ ಮಂದಿಗೂ ಕೇಳುವಂತೆ ಭಾಷಣ ಮಾಡಿದರು.

"ಸೂಲಗಿತ್ತೇರ ಉಗುರಾಗ ಸಾವು ಕೂತಿರ್ತದ. ಇನ್ನ ಮ್ಯಾಲ ಅವರ ಕಾಲ ಮುಗೀತು ಅಂತ ತಿಳೀರಿ."

ಹೊಳೆಮ್ಮ ತನ್ನ ಉಗುರು ನೋಡಿಕೊಂಡಳು. ಇವರ ಶಾಲೆಯ ಸಮಾರಂಭಕ್ಕೆಂದೇ ಬೆಳಿಗ್ಗೆ ಸೀಗೆಪುಡಿ ಹಾಕಿ ತಿಕ್ಕಿದ ಉಗುರು. ಡಾಕ್ಟರು ಆಡಿದ್ದು ಪೂರಾ ಸುಳ್ಳೇನಲ್ಲ, ಸೋಪು ಕಾಣದ ಕೈಗಳಿಂದ ಎಷ್ಟೋ ಬಾಣಂತಿಯರು ಹೋಗಿದ್ದರು. ಆದರೆ ನಿಜ ಹೇಳುವುದಕ್ಕೂ ಒಂದು ರೀತಿ ಇದೆ. ತನ್ನನ್ನು ಲೋಕಕ್ಕೆ ಎಳೆದುಕೊಂಡ ಕೈಯನ್ನು ನಾಲ್ಕು ಜನರ ಎದುರು ಹಾಗೆ ಎತ್ತಿ ಆಡಬಾರದಿತ್ತು. ಹೊಳೆಮ್ಮನ ಎದೆಯಲ್ಲಿ ಬೆಂಕಿ ಬಿತ್ತು.

ಅದೇ ವಾರ ಮದ್ರಾಸಿನಿಂದ ರೈಲಿನಲ್ಲಿ ಒಂದು ಚಕ್ರದ ಮಂಚ ಬಂತು. ರೋಗಿಯನ್ನು ಮಲಗಿಸಿ ಸರ್ರನೆ ಒಳಗೆ ತಳ್ಳಿಕೊಂಡು ಹೋಗುವಂಥದ್ದು. ಡಾಕ್ಟರು ಮಗುವಿನ ಹಾಗೆ ಅದರ ಹಿಂದೆ ಮುಂದೆ ಓಡಾಡಿದರು. ಆದರೆ ಮಂಚ ಬಾಗಿಲಲ್ಲೇ ನಿಂತುಬಿಟ್ಟಿತು. ಛತ್ರದ ಹೊಸ್ತಿಲು ಅಂತಿಂಥದ್ದಲ್ಲ, ಒಂದಾಳುದ್ದದ ಕರಿಗಲ್ಲು, ಗೇಣೆತ್ತರ, ನಡುವೆ ಬಿಡಿಸಿದ ತಾವರೆ. ಅದನ್ನು ಕೂರಿಸುವಾಗ ಮರಿಸ್ವಾಮಿಯವರ ಹೆಂಡತಿ ಕೆಳಗೆ ನವಧಾನ್ಯ ಹಾಕಿ ಪೂಜೆ ಮಾಡಿದ್ದರು. ಡಾಕ್ಟರು ಹಿಂದೆ ಮುಂದೆ ನೋಡದೆ ಕಲ್ಲುಕುಟಿಗ ಗಾಳೆಪ್ಪನನ್ನು ಕರೆಸಿದರು. ಗಾಳೆಪ್ಪ ಏನೋ ಹೇಳಲು ಬಾಯಿ ತೆರೆದ, ಡಾಕ್ಟರು ಗಡಿಯಾರ ನೋಡಿಕೊಂಡರು, ಅವನು ಬಾಯಿ ಮುಚ್ಚಿದ. ಆರು ಆಳು ಹಾರೆ ಹಾಕಿ ಹೊಸ್ತಿಲನ್ನು ಎಬ್ಬಿಸಿ ಹಿತ್ತಲ ಬಾವಿಯ ಬಳಿ ಉರುಳಿಸಿದರು. ಹಿಂದೆಯೇ ಅಗಸರ ಜಡೆಪ್ಪ ಶಾಲೆಯ ಬಟ್ಟೆಯನ್ನೆಲ್ಲ ಅದರ ಮೇಲೆ ಒಗೆಯತೊಡಗಿದ.

ಇಷ್ಟು ಸಾಕಾಯಿತು ಹೊಳೆಮ್ಮನಿಗೆ. ನಮ್ಮ ಕಡೆ ನೋವು ಶುರುವಾದ ಬಸುರಿ ಹೊಸ್ತಿಲಿಗೆ ಅರಿಷಿಣ ಹಚ್ಚಿ, ಬಲಗಾಲಿಟ್ಟು ಒಳಗೆ ಹೋಗಿ ಮಲಗಬೇಕು. ಇದು ಯಾರೂ ಯಾರಿಗೂ ಕಲಿಸುವ ಮಾತಲ್ಲ. ಹೊಳೆಮ್ಮ ಎರಡು ಮೂರು ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಯಾರನ್ನೂ ಬೈಯದೆ, ತಣ್ಣಗೆ ಒಂದು ಮಾತು ಆಡಿದಳು.

"ಹೊಸ್ತಿಲು ಕಿತ್ತ ಮನ್ಯಾಗ ಹೆತ್ರ, ಕೂಸಿಗೆ ತನ್ನ ಮನಿ ಯಾವುದು ಅಂತ ತಿಳಿಯಂಗಿಲ್ಲವ್ವ. ಹುಟ್ಟಿದ ದಾರಿ ಹಿಡದು ಹೊಳ್ಳಿ ಹೋಗಿಬಿಡತೈತಿ."

ಆಮೇಲೆ ಅವಳು ಏನೂ ಮಾಡಬೇಕಾಗಲಿಲ್ಲ. ಮಾತು ತಾನೇ ನಡೆದುಕೊಂಡು ಕಂಪ್ಲಿಗೆ ಹೋಯಿತು, ಬಂಡಿ ಹತ್ತಿ ಸಂಡೂರಿಗೂ ಹೋಯಿತು.

ಎರಡು ವರ್ಷ ಕಳೆಯಿತು. ಹೊಳೆಮ್ಮನ ಮಗಳು ಊರಮ್ಮನ ಗಂಡ ಸಂಡೂರಿನ ಗಣಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಊರಮ್ಮ ಒಂದು ಟ್ರಂಕು ಹೊತ್ತುಕೊಂಡು ತಾಯಿಯ ಮನೆಗೆ ಬಂದಳು, ಅಳಲಿಲ್ಲ. ಐದನೇ ಇಯತ್ತೆ ಓದಿದ್ದಳು. ಅದೇ ಹೊತ್ತಿಗೆ, ಊರ ಮಂದಿ ಡಾಕ್ಟರ್ ಸಾಲಿ ಎಂದು ಕರೆಯುತ್ತಿದ್ದ ಆ ಶಾಲೆಯಲ್ಲಿ ಹೆಂಗಸರಿಗೆ ಹೆರಿಗೆ ವಿದ್ಯೆ ಕಲಿಸುವ ತರಗತಿ ತೆರೆಯಿತು. ಓದಲು ಬಂದವರು ನಾಲ್ಕೇ ಜನ, ಊರಮ್ಮ ಅವರಲ್ಲೊಬ್ಬಳು. ಪರೀಕ್ಷೆ ಪಾಸಾದರೆ ಕೈಗೆ ಕಾಗದ, ಆ ಕಾಗದಕ್ಕೆ ಯಾವುದಾದರೂ ಆಸ್ಪತ್ರೆಯಲ್ಲಿ ಕಾಯಂ ಕೆಲಸ.

ಹೊಳೆಮ್ಮ ಮಗಳನ್ನು ತಾನೇ ಕರೆದುಕೊಂಡು ಹೋಗಿ ಗುಮಾಸ್ತನ ಬಳಿ ಹೆಸರು ಬರೆಸಿದಳು. ಸಿಟ್ಟು ಎಲ್ಲಿ ಹೋಯಿತು ಎನ್ನುತ್ತೀರಾ? ಸಿಟ್ಟು ಇದ್ದೇ ಇತ್ತು. ಆದರೆ ಯಾರಿಗೂ ತೋರಿಸದ ಒಂದು ಸಂಗತಿ ಅವಳ ಬಳಿ ಇತ್ತು. ಹೋದ ಚಳಿಗಾಲದಿಂದ ಅವಳ ಎಡಗೈ ಹೆಬ್ಬೆರಳು ನಡುಗಲು ಹತ್ತಿತ್ತು. ಮನೆಯಲ್ಲಿ ಮಗಳು ನೋಡಿಯಾಳೆಂದು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು. ತನ್ನ ಕೈ ನಿಲ್ಲುವ ಮೊದಲು ಮಗಳ ಕಾಲು ನೆಲಕ್ಕೆ ಊರಬೇಕು, ಅದೊಂದೇ ಅವಳಿಗೆ ಬೇಕಾಗಿತ್ತು.

ಪರೀಕ್ಷೆಗೊಂದು ನಿಯಮವಿತ್ತು. ಶಾಲೆಯ ಚಾವಣಿಯ ಕೆಳಗೆ ವರ್ಷದೊಳಗೆ ಹತ್ತು ಹೆರಿಗೆ ಆಗಬೇಕು, ಹತ್ತಕ್ಕೂ ವಿದ್ಯಾರ್ಥಿನಿಯರು ಎದುರಿಗಿರಬೇಕು. ಇಲ್ಲದಿದ್ದರೆ ಪರೀಕ್ಷೆಯಿಲ್ಲ, ತರಗತಿಯೂ ಬಂದ್. ಜೂನ್ ತಿಂಗಳಿಂದ ಪುಷ್ಯ ಮಾಸದತನಕ ಆದದ್ದು ಒಂದೇ ಒಂದು. ಬಂಡ್ರಿಯ ಕಡೆಯ ಒಬ್ಬ ಕೂಲಿ ಹೆಂಗಸು ದಾರಿಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು, ಯಾರೋ ಬಂಡಿಯಲ್ಲಿ ಹಾಕಿಕೊಂಡು ತಂದರು. ಎಚ್ಚರವಿಲ್ಲದ್ದರಿಂದ ಅವಳು ಬಾಗಿಲು ನೋಡಲಿಲ್ಲ. ಗಂಡು ಕೂಸು ಹೆತ್ತು ಸುಖವಾಗಿ ಮನೆಗೆ ಹೋದಳು. ಮಿಕ್ಕವರು ಗೇಟಿನತನಕ ಬರುವರು, ಬಾಗಿಲಿನ ಬುಡ ನೋಡುವರು, ಸೆರಗು ಬಿಗಿದುಕೊಂಡು ತಿರುಗಿ ಹೋಗುವರು.

ವ್ಯಾಸರಾಜ ಡಾಕ್ಟರು ಪಾಪ ಮಾಡದ ಪ್ರಯತ್ನವಿಲ್ಲ. ಹಿಂದೆ ಪ್ಲೇಗು ಬಂದಾಗ ಛತ್ರದಲ್ಲಿ ರೋಗಿಗಳನ್ನು ಇಟ್ಟಿದ್ದರಂತೆ, ಅದಕ್ಕೇ ಹೆದರುತ್ತಾರೆಂದು ಎರಡು ಸಲ ಸುಣ್ಣ ಹೊಡೆಸಿದರು. ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಹೆರಿಗೆಯ ಚಿತ್ರ ತೋರಿಸಿದರು. ಹುಟ್ಟಿದ ಕೂಸಿಗೆ ಅಂಗಿ, ಕುಲಾವಿ ಕೊಡುತ್ತೇವೆಂದು ಡಂಗುರ ಸಾರಿಸಿದರು. ಕೇಳುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದರು. ಕೊನೆಗೆ ಸಂಕ್ರಾಂತಿಗೆ ಹತ್ತು ದಿನವಿರುವಾಗ, ತರಗತಿ ಮುಚ್ಚುವುದಾಗಿ ಬಳ್ಳಾರಿಯ ಮೇಲಧಿಕಾರಿಗಳಿಗೆ ಬರೆಯುತ್ತೇನೆಂದು ನಾಲ್ವರನ್ನೂ ಕರೆದು ಹೇಳಿದರು.

ಅಂದು ಮಧ್ಯಾಹ್ನ ಊರಮ್ಮ ಮನೆಗೆ ಬಂದು, ತಾಯಿಗೆ ರೊಟ್ಟಿ ಬಡಿಸಿ, ಎದುರಿಗೆ ಕೂತಳು.

"ಯಾರೋ ಸಾಲಿ ಮ್ಯಾಲ ಏನೋ ಆಡ್ಯಾರಬೇ. ಮನಿ ಮನಿಗೆ ಹೋಗಿ ಕೇಳಿದೆ, ಒಬ್ಬಾಕಿನೂ ಬಾಯಿ ಬಿಡವಲ್ಲಳು. ಹಂಗ ಆಡಿದಾಕಿ ಬಾಯಿಗೆ ಮಣ್ಣು ಬೀಳ."

ಊರಮ್ಮನ ಮುಂದೆ ಯಾರು ಬಾಯಿ ಬಿಟ್ಟಾರು, ಮಾತು ಅವಳ ತಾಯಿಯದೇ ಆಗಿರುವಾಗ? ಹೊಳೆಮ್ಮನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ. ನೀರು ಕುಡಿದು ಎದ್ದುಬಿಟ್ಟಳು. ತನ್ನ ಮಾತು ತನ್ನ ಮನೆಗೇ ಬಂದು ಮಗಳ ಅನ್ನಕ್ಕೆ ಕೈಹಾಕಿದ್ದು ಅವಳಿಗೆ ಅಂದು ಗೊತ್ತಾಯಿತು, ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ ನಿಂತಳು. ಎರಡು ವರ್ಷದಲ್ಲಿ ಅವರ ಜೊತೆ ಆಡಿದ ಮೊದಲ ಮಾತು ಅದು.

"ಡಾಕ್ಟ್ರೇ, ಸುಣ್ಣ ಹೊಡಿಸಿದ್ರಿ, ಚಿತ್ರ ತೋರಿಸಿದ್ರಿ. ಹೊಸ್ತಿಲು ಎಲ್ಲೈತ್ರಿ?"

"ಯಾವ ಹೊಸ್ತಿಲು?"

"ಈ ಮನೀದು. ನಿಮ್ಮ ಮನಿ ಹೊಸ್ತಿಲು ಕಿತ್ತಿಟ್ರ ಗೋದಾಬಾಯಾರು ಒಳಗ ಕಾಲಿಡ್ತಾರೇನ್ರಿ?"

ಡಾಕ್ಟರು ಕನ್ನಡಕ ತೆಗೆದರು. ಅಂದು ಬೆಳಿಗ್ಗೆಯೂ ಅವರ ತಾಯಿ ಹೊಸ್ತಿಲಿಗೆ ರಂಗೋಲಿ ಹಾಕಿದ್ದರು, ಅಂದು ಬೆಳಿಗ್ಗೆಯೂ ಅವರು ಅದನ್ನು ತುಳಿಯದೆ ದಾಟಿ ಬಂದಿದ್ದರು. ಮೂವತ್ತು ವರ್ಷದಿಂದ ದಾಟುತ್ತಲೇ ಇದ್ದರು.

"ಎರಡು ವರ್ಷ ಆತು. ಯಾಕ ಯಾರೂ ನನಗ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಆ ಮಾತು ಹಬ್ಬಿಸಿದವಳು ತಾನೇ ಎಂಬುದನ್ನು ಮಾತ್ರ ಹೊಳೆಮ್ಮ ಹೇಳಲಿಲ್ಲ. ಅಷ್ಟು ಧೈರ್ಯ ಅಂದು ಬರಲಿಲ್ಲ.

ಇಬ್ಬರೂ ಹಿತ್ತಲಿಗೆ ಹೋದರು. ಜಡೆಪ್ಪ ಕಲ್ಲಿನ ಮೇಲೆ ಹಾಸಿಗೆಯ ಬಟ್ಟೆ ಬಡಿಯುತ್ತಿದ್ದ. ಅದನ್ನು ಕಂಡು ಹೊಳೆಮ್ಮ ಅಲ್ಲೇ ನಿಂತಳು. ಎರಡು ವರ್ಷ ರಕ್ತ, ಕೀವಿನ ಬಟ್ಟೆ ಒಗೆದ ಕಲ್ಲನ್ನು ಮತ್ತೆ ಹೊಸ್ತಿಲು ಎಂದರೆ ಯಾವ ಹೆಂಗಸು ಒಪ್ಪುತ್ತಾಳೆ? ಅವಳೇ ಒಪ್ಪಲಾರಳು. ಡಾಕ್ಟರು ಹೇಳಿ ಕಳಿಸಿದ ಮೇಲೆ ಗಾಳೆಪ್ಪ ಆಳುಗಳೊಂದಿಗೆ ಬಂದ. ಇಬ್ಬರ ಮುಖ ನೋಡಿ, ಆಳುಗಳಿಗೆ ಕೈಸನ್ನೆ ಮಾಡಿ ಹಾರೆ ಹಾಕಿಸಿದ. ಕಲ್ಲು ಮಗ್ಗುಲಾಯಿತು.

ಕೆಳಗಿನ ಮುಖದಲ್ಲಿ ತಾವರೆ ಇತ್ತು. ಅಂಚಿನ ಗೀರಿನಲ್ಲಿ ಹಳೆಯ ಅರಿಷಿಣ ಕೂಡ ಹಾಗೆಯೇ ಅಂಟಿಕೊಂಡಿತ್ತು.

"ಬೋರಲ ಹಾಕಿದ್ದೆನ್ರಿ," ಎಂದ ಗಾಳೆಪ್ಪ. "ಹೊಸ್ತಿಲ ಮಾರಿ ಮ್ಯಾಲ ಅರಿವಿ ಬಡಿಯಾಕ ಬಿಡ್ತೀನೇನ್ರಿ? ಜಡೆಪ್ಪ ಬಡದಿದ್ದು ಬರೇ ಬೆನ್ನು."

"ಮತ್ತ ನೀನರ ಹೇಳಬೇಕಿತ್ತಲ್ಲೋ ಮಾರಾಯ!" ಎಂದರು ಡಾಕ್ಟರು.

"ನೀವು ಗಡಿಯಾರ ನೋಡಿದ್ರಿ," ಎಂದ ಅವನು.

ಹೊಳೆಮ್ಮ ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಡಾಕ್ಟರಿಗೂ ನಗು ಬಂತು. ಚಕ್ರದ ಮಂಚಕ್ಕೆ ಏನು ಮಾಡುವುದು ಎಂಬ ಪ್ರಶ್ನೆ ಉಳಿದಿತ್ತು. ಕಲ್ಲಿನಲ್ಲಿ ಚಕ್ರ ಹಾಯುವಷ್ಟು ತೋಡು ಕಡಿಯಲೇ ಎಂದು ಗಾಳೆಪ್ಪ ಕೇಳಿದ. "ಹೊಸ್ತಿಲಕ್ಕ ಉಳಿ ಹಚ್ಚಬ್ಯಾಡ," ಎಂದು ಹೊಳೆಮ್ಮ ಗದರಿದಳು, "ಮಂಚ ಒಳಗ ಇರಲಿ. ಬಾಗಿಲತನಕ ನಾವು ಹೊತ್ತು ತರ್ತೀವಿ." ಡಾಕ್ಟರು ಒಪ್ಪಿದರು, ಆದರೆ ತಮ್ಮದೂ ಒಂದು ಷರತ್ತು ಹಾಕಿದರು. ತರಬಹುದು, ಹೊಸ್ತಿಲ ಒಳಗೆ ಮಾತ್ರ ಕಲಿತವರೇ ಹೋಗಬೇಕು. ಸೋಪಿನಲ್ಲಿ ಮೊಣಕೈತನಕ ತೊಳೆಯದ ಕೈಗೆ ಹೆರಿಗೆ ಕೋಣೆಯಲ್ಲಿ ಜಾಗವಿಲ್ಲ. ಹೊಳೆಮ್ಮ ಸೆರಗಿನೊಳಗೆ ಹೆಬ್ಬೆರಳು ಹಿಡಿದುಕೊಂಡು ಆಗಲೆಂದಳು.

ಸಂಕ್ರಾಂತಿಯ ದಿನ ಹೊಸ್ತಿಲು ತನ್ನ ಜಾಗಕ್ಕೆ ಬಂತು. ಹೊಳೆಮ್ಮ ಮನೆ ಮನೆಗೆ ಹೋಗಿ ಕರೆದಿದ್ದರಿಂದ ನಲವತ್ತು ಹೆಂಗಸರಾದರೂ ಬಂದು ಅಂಗಳದಲ್ಲಿ ಗುಂಪಾಗಿ ನಿಂತರು, ಹತ್ತಿರ ಬರಲಿಲ್ಲ. ಗುಂಪಿನ ಮುಂದೆ, ಕಂಪ್ಲಿ ಬಿಟ್ಟು ಈ ಊರಲ್ಲೇ ನೆಲೆಸಿದ್ದ ಮರಿಸ್ವಾಮಿಯವರ ಸೊಸೆ ನೀಲಗಂಗಮ್ಮ, ಪಕ್ಕದಲ್ಲಿ ಚೊಚ್ಚಲು ಹೆರಿಗೆಗೆಂದು ಸಂಡೂರಿನಿಂದ ತವರಿಗೆ ಬಂದ ಮಗಳು ಮರುಳಸಿದ್ದಮ್ಮ. ಅವಳಿಗೆ ಆಗ ಆರು ತಿಂಗಳು. ನಾಲ್ವರು ವಿದ್ಯಾರ್ಥಿನಿಯರು ಬಾಗಿಲ ಒಳಗೆ ಬಿಳಿ ಸೀರೆಯಲ್ಲಿ ನಿಂತಿದ್ದರು. ನೀಲಗಂಗಮ್ಮ ಮಾತು ಒಳಗಿಟ್ಟುಕೊಳ್ಳುವ ಹೆಂಗಸಲ್ಲ.

"ಹೊಳೆಮ್ಮ, ಈ ಮನ್ಯಾಗ ಹೆರಬ್ಯಾಡ್ರಿ ಅಂದಾಕಿ ನೀನ. ಈಗ ಬರ್ರಿ ಅಂತ ಕರಿಯಾಕಿನೂ ನೀನ. ನಾವು ಯಾವ ಮಾತು ನಂಬೋಣು?"

ಹೊಳೆಮ್ಮನಿಗೆ ಉತ್ತರ ಸಿದ್ಧವಾಗಿಯೇ ಇತ್ತು. ಆಗ ಹೊಸ್ತಿಲು ಇರಲಿಲ್ಲ, ಈಗ ಇದೆ. ಅಷ್ಟು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಊರಮ್ಮ ಮುಖ ಬಿಳಿಚಿಕೊಂಡು ತನ್ನನ್ನೇ ನೋಡುತ್ತಿದ್ದಳು. ಮಗಳ ಮುಂದೆ ಎರಡನೇ ಸಲ ಆ ತುತ್ತು ಬಾಯಲ್ಲಿಟ್ಟುಕೊಳ್ಳುವುದು ಹೊಳೆಮ್ಮನಿಂದ ಆಗಲಿಲ್ಲ.

"ಹೊಸ್ತಿಲು ಕಿತ್ತಿದ್ದು ಖರೇರಿ. ಆದ್ರ ನಾ ಆಡಿದ್ದು ಹೊಸ್ತಿಲ ಸಲುವಾಗಿ ಅಲ್ಲ. ಡಾಕ್ಟ್ರು ನನ್ನ ಕೈ ಹೊಲಸು ಅಂದ್ರು, ಸಿಟ್ಟು ಬಂತು. ನನ್ನ ಕೆಲಸ ಹೊಕ್ಕೈತಿ ಅಂತ ಹೊಟ್ಟಿಕಿಚ್ಚಿಗೆ ಆಡಿದೆ. ಕೂಸು ಹೊಳ್ಳಿ ಹೊಕ್ಕಾವು ಅಂದಿದ್ದು ಸುಳ್ಳ್ರಿ. ನನ್ನ ಮಗಳ ಆಣಿ."

ವ್ಯಾಸರಾಜ ಡಾಕ್ಟರು ನೆಲ ನೋಡಿದರು. ತಮ್ಮ ಭಾಷಣ ಅವರಿಗೆ ಆಗ ನೆನಪಾಗಿರಬೇಕು. ಊರಮ್ಮ ತಿರುಗಿ ಒಳಗೆ ಹೋದಳು.

ನೀಲಗಂಗಮ್ಮ ಹೊಳೆಮ್ಮನನ್ನು ಅಡಿಯಿಂದ ಮುಡಿಯತನಕ ನೋಡಿ, "ಅಂತೂ ಬಾಯಿಗೆ ಖರೇ ಬಂತಲ್ಲ," ಎಂದಳು. ಅರಿಷಿಣದ ಬಟ್ಟಲು ತೆಗೆದುಕೊಂಡು ಮುಂದೆ ಬಂದು ಬಗ್ಗಿದಳು. "ಇದು ನಮ್ಮತ್ತಿ ಕೂಡಿಸಿದ ಹೊಸ್ತಿಲು. ನನ್ನ ಮಗಳು ಇಲ್ಲೇ ಹಡೀತಾಳ. ಅಜ್ಜ ಕಟ್ಟಿಸಿದ್ದು ತವರಮನಿ ಅಲ್ಲೇನು?"

ಮುಂದೆ ಆದದ್ದನ್ನು ಲಂಬಿಸುವ ಕಾರಣವಿಲ್ಲ. ಮಾಘದಲ್ಲಿ ಮೂವರು ಬಂದರು, ಫಾಲ್ಗುಣದಲ್ಲಿ ಐವರು. ಕಂಪ್ಲಿಯಿಂದ ಒಬ್ಬಳು ಕಮಾನು ಬಂಡಿಯಲ್ಲಿ ಬಂದು, ಹೊಸ್ತಿಲಿಗೆ ಅರಿಷಿಣ ಹಚ್ಚುತ್ತಿರುವಾಗಲೇ ನೋವು ಜೋರಾಗಿ, ಡಾಕ್ಟರು ತಾವೇ ಮಂಚದ ಒಂದು ತುದಿ ಹಿಡಿದು ಓಡಿದರು. ಬಂದ ಪ್ರತಿಯೊಬ್ಬಳ ತೋಳು ಹಿಡಿದು ಹೊಸ್ತಿಲತನಕ ತಂದು ಬಿಡುವವಳು ಹೊಳೆಮ್ಮನೇ. ಬಿಟ್ಟು ಹಿಂದಕ್ಕೆ ಬಂದು ಹುಣಸೆ ಮರದ ಕೆಳಗೆ ಕೂತುಬಿಡುವಳು. ಒಳಗೆ ಏನಾಯಿತೆಂದು ಮಂದಿಯ ಬಾಯಿಂದ ತಿಳಿಯಬೇಕು. ಊರಮ್ಮ ಮನೆಯಲ್ಲಿ ತಾಯಿಗೆ ಬಿಸಿ ರೊಟ್ಟಿ ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಬೈದಿದ್ದರೆ ಹೊಳೆಮ್ಮನಿಗೆ ಹಗುರಾಗುತ್ತಿತ್ತು.

ಯುಗಾದಿ ಕಳೆಯಿತು. ಲೆಕ್ಕ ಒಂಬತ್ತಕ್ಕೆ ನಿಂತಿತ್ತು, ಪರೀಕ್ಷೆಗೆ ಆರು ದಿನ ಉಳಿದಿತ್ತು. ಬೆಳಿಗ್ಗೆ ಎಮ್ಮೆ ಕರೆಯುವ ಹೊತ್ತಿಗೆ ಮರುಳಸಿದ್ದಮ್ಮನಿಗೆ ನೋವು ಶುರುವಾಯಿತು. ಹೊಳೆಮ್ಮ ಅವಳ ಹೊಟ್ಟೆ ಮುಟ್ಟಿ ನೋಡಿದಳು, ಜಲ್ದಿ ಜಲ್ದಿ ನಡೆಸಿಕೊಂಡು ಬಂದಳು. ಕೂಸು ಅಡ್ಡ ತಿರುಗಿತ್ತು. ಹೊಸ್ತಿಲಲ್ಲಿ ಅವಳನ್ನು ಊರಮ್ಮನ ಕೈಗೆ ಕೊಡುವಾಗ "ಅಡ್ಡೈತಿ" ಎಂದು ಒಂದೇ ಮಾತು ಅಂದಳು. ಊರಮ್ಮ ತಲೆಯಾಡಿಸಿದಳು. ಬಾಗಿಲು ಮುಚ್ಚಿತು.

ಆ ದಿನ ಹೊಳೆಮ್ಮ ಮರದ ಕೆಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಇದ್ದಳು. ಒಳಗಿನ ಒಂದೊಂದು ಸದ್ದಿಗೂ ಅವಳ ಅಂಗೈ ತಾನೇ ತಿರುಗುತ್ತಿತ್ತು: ಈಗ ಎಣ್ಣೆ, ಈಗ ಮೆಲ್ಲಗೆ ಒತ್ತು, ಈಗ ತಡಿ. ಇಂಥ ಕೂಸುಗಳನ್ನು ಅವಳು ಎಷ್ಟೋ ತಿರುಗಿಸಿದ್ದಳು, ಮೂರನ್ನು ಕಳೆದುಕೊಂಡೂ ಇದ್ದಳು. ಒಂದು ಕಾಲು ಎತ್ತಿದರೆ ಒಳಗಿರುತ್ತಿದ್ದಳು. ತಾನೇ ಹಟ ಹಿಡಿದು ಕೂರಿಸಿದ ಹೊಸ್ತಿಲು ಈಗ ತನ್ನನ್ನೇ ಹೊರಗೆ ನಿಲ್ಲಿಸಿತ್ತು. ಹೆಬ್ಬೆರಳು ನಡುಗಿತು. ಅವಳು ಕಾಲು ಎತ್ತಲಿಲ್ಲ.

ಬಿಸಿಲು ಬಾಗಿಲತನಕ ಬಂತು. ಒಳಗಿನ ನರಳಾಟ ಒಮ್ಮೆಲೇ ನಿಂತಿತು. ಆ ಮೌನ ಹೊಳೆಮ್ಮನಿಗೆ ಗೊತ್ತಿದ್ದ ಮೌನ, ಅದಾದ ಮೇಲೆ ಎರಡರಲ್ಲಿ ಒಂದು. ಅವಳು ಕಣ್ಣು ಮುಚ್ಚಿದಳು.

ಕೂಸು ಅತ್ತಿತು.

ನಲವತ್ತು ವರ್ಷದಲ್ಲಿ ಮೊದಲ ಸಲ ಹೊಳೆಮ್ಮ ಆ ಅಳುವನ್ನು ಬಾಗಿಲ ಹೊರಗಿನಿಂದ ಕೇಳಿದಳು. ಹೊರಗೆ ನಿಂತವರು ಅಷ್ಟು ವರ್ಷ ಏನು ಅನುಭವಿಸುತ್ತಿದ್ದರೆಂದು ಅವಳಿಗೆ ಅಂದೇ ತಿಳಿದದ್ದು. ಗೋಡೆ ಹಿಡಿದುಕೊಂಡು ಅತ್ತಳು. ನೀಲಗಂಗಮ್ಮ ಬಂದು ಅಪ್ಪಿಕೊಂಡಳು, ಇಬ್ಬರೂ ಸೇರಿ ಅತ್ತರು.

ಬಾಗಿಲು ತೆರೆದು ಊರಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದು ಹೊಸ್ತಿಲ ಒಳಗೆ ನಿಂತಳು. ಅಭ್ಯಾಸಬಲದಿಂದ ಹೊಳೆಮ್ಮ ಕೈ ಚಾಚಿ, ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಹೊಸ್ತಿಲ ಮ್ಯಾಲಿಂದ ಕೂಸು ಕೊಡಬಾರದಲೇ. ಈ ಕಡಿ ಬಾ."

"ಹೊರಗ ತರೋ ಹಂಗಿಲ್ಲ," ಎಂದಳು ಊರಮ್ಮ. ಮೂರು ತಿಂಗಳ ಮೇಲೆ ತಾಯಿಗೆ ಆಡಿದ ಮಾತು ಅದು. "ನೀನ ಒಳಗ ಬಾ. ಡಾಕ್ಟ್ರನ್ನ ಕೇಳೀನಿ. ಕೈ ತೊಳಕೊಂಡ ಬಾ, ಮೊಣಕೈತನಕ."

ಹೊಳೆಮ್ಮ ಬಾಗಿಲ ಬಳಿಯ ಬೋಗುಣಿಯಲ್ಲಿ, ಘಾಟು ವಾಸನೆಯ ಆ ಕೆಂಪು ಸೋಪಿನಿಂದ, ಒಂದೊಂದು ಉಗುರನ್ನೂ ತಿಕ್ಕಿ ತೊಳೆದಳು. ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಸೆರಗಿಗೆ ಕೈ ಒರೆಸಲು ಹೋದಾಗ ಮಗಳು ಗದರಿ ಬಿಳಿ ಬಟ್ಟೆ ಕೊಟ್ಟಳು. ಕೂಸಿಗೆ ಕೈ ಚಾಚುವ ಹೊತ್ತಿಗೆ ಮುಚ್ಚಿಟ್ಟುಕೊಳ್ಳಲು ಸೆರಗು ಇರಲಿಲ್ಲ, ಹೆಬ್ಬೆರಳು ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು.

ಊರಮ್ಮ ಕಾಲಿನಿಂದ ಒಂದು ಸ್ಟೂಲನ್ನು ತಾಯಿಯ ಕಡೆಗೆ ಸರಿಸಿದಳು.

"ವರ್ಷದಿಂದ ನೋಡಾಕತ್ತೀನಬೇ, ನಂಗ ಗೊತ್ತಿಲ್ಲೇನು? ಕುಂತು ಹಿಡಕೋ."

ಹೊಳೆಮ್ಮ ಕೂತಳು. ಮಗಳು ಕೂಸನ್ನು ಅವಳ ಮಡಿಲಲ್ಲಿಟ್ಟು, ನಡುಗುವ ಕೈಯ ಕೆಳಗೆ ತನ್ನ ಕೈಯಿಟ್ಟು ಹಿಡಿದಳು.